ರಟ್ಟಿನ ಮರೆ

ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ ಕರೆ ಜೋಡಿಸಿದ ಕೂಡಲೇ ಮೊದಲು ಕಾಣುವುದು ತನ್ನದೇ ಮುಖ. ಪ್ರಮೀಳಾಗೆ ಅದು ಎಂದೂ ಹಿಡಿಸಿರಲಿಲ್ಲ. ತೆರೆಯ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಚೌಕ, ಅದರೊಳಗೆ ಎಣ್ಣೆ ಹಚ್ಚಿ ಬಿಗಿದು ಬಾಚಿದ ತಲೆ, ಟ್ಯೂಬ್‌ಲೈಟಿನ ಕೆಳಗೆ ಬೂದಿ ಬಣ್ಣಕ್ಕೆ ತಿರುಗಿದ ಕೆನ್ನೆ. ದೂರದ ಸಂಸ್ಥೆಯಲ್ಲಿ ಕೂತ ಪ್ರಸನ್ನಕುಮಾರ್ ಸರ್ ಏನನ್ನೋ ವಿವರಿಸುತ್ತಿದ್ದರೆ ಅವಳ ಕಣ್ಣು ಅವರ ದೊಡ್ಡ ಮುಖ ಬಿಟ್ಟು ಆ ಚೌಕಕ್ಕೇ ಜಾರುತ್ತಿತ್ತು. ತಾನು ಪೆದ್ದಿಯಂತೆ ಕಾಣುತ್ತಿದ್ದೇನೆಯೇ, ಸೆರಗು ಸರಿಯಿದೆಯೇ, ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೂ ತಲೆಯಾಡಿಸಿದ್ದು ಅವರಿಗೆ ತಿಳಿಯಿತೇ ಎಂದು ನೋಡಿಕೊಳ್ಳುವುದೇ ಆಗುತ್ತಿತ್ತು. ಮದುವೆಮನೆಯಲ್ಲಿ ಕನ್ನಡಿಗೆ ಎದುರಾಗಿ ಊಟಕ್ಕೆ ಕೂತಂಥ ಸಂಕಟ. ಜಗಳೂರಿನ ಆಸ್ಪತ್ರೆಯ ಹಿಂಬದಿಯಲ್ಲಿ, ಮೊದಲು ಲಸಿಕೆ ಇಡುತ್ತಿದ್ದ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಸದ್ದು ಮೊಳಗದಿರಲೆಂದು ಗೋಡೆಗೆ ಹಳೆಯ ಜಮಖಾನ ಹೊಡೆದಿದ್ದಳು. ಕಿವಿ ಕೇಳದ, ಮಾತು ಬಾರದ ಮಕ್ಕಳನ್ನು ಸುತ್ತಲಿನ ಹಳ್ಳಿಗಳಿಂದ ಕರೆತರುತ್ತಿದ್ದರು. ಸರ್ ತೆರೆಯ ಮೇಲಿಂದ ನೋಡಿ ಹೇಳುತ್ತಿದ್ದರು, ಇವಳು ಮಾಡುತ್ತಿದ್ದಳು. ಹಾಗೆ ಮಾಡುತ್ತಲೇ ಕಲಿಯುವುದು ಈ ತರಬೇತಿಯ ರೀತಿ.

ಚನ್ನಗಿರಿಯಲ್ಲಿ ಅತ್ತೆ ಶಂಕ್ರಮ್ಮ ನೆಂಟರೆದುರು ಈ ಕೆಲಸವನ್ನು ವಿವರಿಸುತ್ತಿದ್ದದ್ದು ಬೇರೆ ಥರ. ನಮ್ಮ ಸೊಸೆ ಜಗಳೂರಾಗೆ ಕೂತ್ಕಂಡು ಹುಡುಗರ ಹತ್ರ ಆ, ಊ ಅನಿಸ್ತಾಳೆ, ಅದಕ್ಕೆ ಸರ್ಕಾರದೋರು ಸಂಬಳ ಕೊಡ್ತಾರೆ ಅನ್ನುತ್ತಿದ್ದಳು. ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ಗಂಡ ಪ್ರವೀಣ್ ಕುಮಾರ್ ನಗುತ್ತಿರಲಿಲ್ಲ, ಆದರೆ ಬೇಡ ಅಂತಲೂ ಅನ್ನುತ್ತಿರಲಿಲ್ಲ. ಶನಿವಾರ ಸಂಜೆ ಬಸ್ಸಿಳಿದು ಮನೆಗೆ ಹೋದರೆ ಆ ನಗು ಅಂಗಳದಲ್ಲೇ ಕಾದಿರುತ್ತಿತ್ತು. ಅದು ನಿಂತದ್ದು ಚೈತ್ರಶ್ರೀಯ ವಿಡಿಯೋ ತೋರಿಸಿದ ದಿನ. ಪುಟ್ಟ ಹುಡುಗಿ, ಎರಡೂ ಕಿವಿಗೆ ಮಿಷನ್ನು, ಮುಂದೆ ಒಂದು ಡಬ್ಬಿ, ಕೈಯಲ್ಲಿ ಕೆಂಪು ಮಣಿ. ಹಿಂದೆ ಕೂತ ತಾಯಿ ‘ಊ’ ಎನ್ನುತ್ತಾಳೆ, ಹುಡುಗಿ ಮಣಿಯನ್ನು ಡಬ್ಬಿಗೆ ಹಾಕಿ ತಿರುಗಿ ನಗುತ್ತಾಳೆ. ಶಂಕ್ರಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಪುಣ್ಯದ ಕೆಲಸ ಬಿಡವ್ವ ಅಂದಿದ್ದಳು. ಆ ರಾತ್ರಿ ರೊಟ್ಟಿಯನ್ನು ಸೊಸೆಯ ತಟ್ಟೆಗೆ ಅವಳೇ ಹಾಕಿದ್ದಳು.

ಇವತ್ತು ಬುಧವಾರ, ಚೈತ್ರಶ್ರೀಯ ದಿನ. ಸೊಕ್ಕೆಯಿಂದ ಬಸ್ಸಿನಲ್ಲಿ ನಿಂತೇ ಬಂದ ದುರುಗಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಗಳ ಮೂಗೊರೆಸಿ, ಏನೂ ಹೇಳಿಸಿಕೊಳ್ಳದೆ ತನ್ನ ಸ್ಟೂಲಿನ ಮೇಲೆ ಕೂತಳು. ಗಂಟಲು ಇವತ್ತೂ ಕಟ್ಟಿತ್ತು. ದಿನವೂ ಹಿಂದಿನಿಂದ ಹೆಸರು ಹಿಡಿದು ಕರೆಯಬೇಕು, ತಿರುಗುವ ತನಕ ಕರೆಯಬೇಕು ಎಂದು ಪ್ರಮೀಳಾ ಹೇಳಿಕೊಟ್ಟಿದ್ದಳು. ದುರುಗಕ್ಕ ಅದನ್ನು ವ್ರತದ ಹಾಗೆ ಹಿಡಿದಿದ್ದಳು. ಓಣಿಯವರು ಅವಳ ಮನೆಗೆ ಆಕಾಶವಾಣಿ ಅಂತ ಹೆಸರಿಟ್ಟಿದ್ದರು. ಅದನ್ನು ಅವಳೇ ಹೇಳಿ ನಕ್ಕಿದ್ದಳು. ತನ್ನ ಅತ್ತೆಯ ಹೆಸರು ಮೂಕಮ್ಮ, ಆದರೆ ಬಾಯಿ ಮಾತ್ರ ಸಂತೆಗೂ ಕೇಳುತ್ತದೆ ಎಂದೂ ಹೇಳಿ ನಕ್ಕಿದ್ದಳು. ಮಳೆಗಾಲದ ಹೊತ್ತಿಗೆ ಒಂದು ದಿನ ಮಾತ್ರ ನಗದೆ, ತಲೆ ತಗ್ಗಿಸಿ, ಮನೇಲಿ ಕರೆದ್ರೆ ತಿರುಗಲ್ಲ ರೀ ಮೇಡಂ, ಇಲ್ಲಿ ಮಾತ್ರ ತಿರುಗ್ತಾಳೆ, ಯಾಕಂತ ತಿಳೀವಲ್ದು ಅಂದಿದ್ದಳು. ಪ್ರಮೀಳಾ ತರಗತಿಯಲ್ಲಿ ಕಲಿತ ಉತ್ತರವನ್ನೇ ಕೊಟ್ಟಿದ್ದಳು. ಮನೆಯಲ್ಲಿ ಟಿವಿ ಹಾಕಿರುತ್ತೀರಿ, ಮಿಷನ್ನು ತೆಗೆದಿಟ್ಟಿರುತ್ತೀರಿ, ಅಭ್ಯಾಸ ಸಾಲುತ್ತಿಲ್ಲ. ಇಲ್ಲಿ ತಿರುಗುವ ಮಗು ಅಲ್ಲಿ ಯಾಕೆ ತಿರುಗುವುದಿಲ್ಲ, ನೀವೇ ಯೋಚನೆ ಮಾಡಿ. ದುರುಗಕ್ಕ ಯೋಚನೆ ಮಾಡಿದ್ದಳು. ಮುಂದಿನ ವಾರದಿಂದ ಅವಳ ಗಂಟಲು ಕಟ್ಟತೊಡಗಿತ್ತು.

ಸರ್ ಬಂದರು, ನಮಸ್ಕಾರವಾಯಿತು. ಕ್ರಮ ಎಂದಿನದೇ, ಸದ್ದು ಕೇಳಿದಾಗಲೆಲ್ಲ ಮಗು ಡಬ್ಬಿಗೆ ಒಂದು ಮಣಿ ಹಾಕಬೇಕು. ಮಗು ಲ್ಯಾಪ್‌ಟಾಪಿಗೆ ಮುಖ ಮಾಡಿ ಕೂರಬೇಕು, ಆಗ ಸರ್‌ಗೆ ಅವಳ ಮುಖ ಕಾಣುತ್ತದೆ. ತಾಯಿ ಹಿಂದೆ ಕೂರಬೇಕು. ಮಗು ತಿರುಗಿದರೂ ಸದ್ದು ಮಾಡುವಾಗ ಬಾಯಿ ಕಾಣಬಾರದು, ತುಟಿ ನೋಡಿ ಮಗು ಮೋಸ ಮಾಡುತ್ತದೆ. ಅದಕ್ಕೆ ಬಾಯಿಗೆ ಅಡ್ಡವಾಗಿ ಒಂದು ರಟ್ಟು. ಸೀರೆ ಡಬ್ಬಿಯಿಂದ ಕತ್ತರಿಸಿದ ಆ ರಟ್ಟನ್ನು ಪ್ರಮೀಳಾ ತಾನೇ ಹಳದಿ ಕಾಗದ ಅಂಟಿಸಿ ಚಂದ ಮಾಡಿದ್ದಳು. ದುರುಗಕ್ಕ ರಟ್ಟು ಎತ್ತಿ ‘ಆ’ ಎಂದಳು. ಮಣಿ ಡಬ್ಬಿಗೆ ಬಿತ್ತು. ‘ಊ’ ಎಂದಳು. ಬಿತ್ತು. ಚೈತ್ರಶ್ರೀ ತಿರುಗಿ, ಚಪ್ಪಾಳೆ ಬರುವುದನ್ನೇ ಕಾಯುತ್ತ, ಮುಂದಿನ ಹಲ್ಲು ಬಿದ್ದ ಬಾಯಿ ಅಗಲಿಸಿ ನಕ್ಕಳು. ವೆರಿ ಗುಡ್ ಎಂದರು ಸರ್. ಅಷ್ಟರಲ್ಲಿ ಅವರ ಮುಖ ಚೂರುಚೂರಾಗಿ, ಮಾತು ತುಂಡಾಗತೊಡಗಿತು. ನೆಟ್‌ವರ್ಕ್ ಸಾಲದು, ಎರಡೂ ಕಡೆ ವಿಡಿಯೋ ತೆಗೆದುಬಿಡೋಣ, ಧ್ವನಿ ಮಾತ್ರ ಇರಲಿ, ನೀವೇ ನೋಡಿ ಹೇಳಿ ಎಂದರು. ತೆರೆ ಕಪ್ಪಾಯಿತು. ನಡುವೆ ಎರಡು ಬಣ್ಣದ ಉಂಡೆಗಳಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರಗಳಷ್ಟೇ ಉಳಿದವು.

‘ಆ’ ಎಂದಳು ದುರುಗಕ್ಕ. ಮಗು ಮಣಿ ಹಿಡಿದು ಕೂತೇ ಇತ್ತು. ‘ಊ’ ಎಂದಳು. ಇಲ್ಲ. ಹೆಸರು ಹಿಡಿದು ಕರೆದಳು. ಕಟ್ಟಿದ ಗಂಟಲಿನಿಂದ ಅದು ಮರ ಕೊಯ್ದ ಹಾಗೆ ಬಂತು. ಇಲ್ಲ. ಹುಡುಗಿ ಕಪ್ಪು ತೆರೆಯ ಕೆಳಮೂಲೆಯನ್ನೇ ನೋಡುತ್ತಿದ್ದಳು. ಬಸ್ಸು ಬರುವ ದಾರಿ ನೋಡುವವರ ಹಾಗೆ, ತಾಳ್ಮೆಯಿಂದ. ಸುಸ್ತಾಗಿದ್ದಾಳೆ, ನಿದ್ದೆ ಬಂದಿರಬೇಕು, ಮಿಷನ್ನಿನ ಸೆಲ್ಲು ನೋಡಿ ಎಂದಿತು ಸರ್ ಧ್ವನಿ. ಪ್ರಮೀಳಾ ಸೆಲ್ಲು ಬದಲಿಸಿದಳು. ಮಿಷನ್ನನ್ನು ಕೈಯಲ್ಲಿ ಮುಚ್ಚಿ ನೋಡಿದರೆ ಅದು ಕುಂಯ್ ಎಂದಿತು, ಕೆಟ್ಟಿರಲಿಲ್ಲ. ಮತ್ತೆ ವಿಡಿಯೋ ಹಾಕಿದಳು. ಸರ್ ಕಡೆಯದು ಇನ್ನೂ ಬಂದಿರಲಿಲ್ಲ, ಅವರ ಮಾತೂ ಕಡಿದಿತ್ತು. ತೆರೆಯ ಮೇಲೆ ಚಿಕ್ಕ ಚೌಕ ಮಾತ್ರ ಬೆಳಗಿತು. ಅದರಲ್ಲಿ ಚೈತ್ರಶ್ರೀಯ ಮುಖ, ಅವಳ ಹೆಗಲ ಹಿಂದೆ ತಾಯಿ. ಕೋಣೆ ಕಾದ ಹೆಂಚಿನ ಹಾಗಿತ್ತು. ದುರುಗಕ್ಕ ಬೆವರು ತಾಳದೆ ಗಾಳಿ ಹಾಕಿಕೊಳ್ಳಲೆಂದು ರಟ್ಟನ್ನು ಮುಖದ ಹತ್ತಿರ ತಂದಳು. ಬಾಯಿ ಬಿಟ್ಟಿರಲಿಲ್ಲ.

ಮಣಿ ಡಬ್ಬಿಗೆ ಬಿತ್ತು. ಹುಡುಗಿ ತಿರುಗಿ ನಕ್ಕಳು.

ಪ್ರಮೀಳಾ ಒಮ್ಮೆ ರಟ್ಟನ್ನು, ಒಮ್ಮೆ ತೆರೆಯ ಮೂಲೆಯ ಚೌಕವನ್ನು ನೋಡಿದಳು. ದುರುಗಕ್ಕಾ, ಇನ್ನೊಂದ್ಸಲ ರಟ್ಟು ಎತ್ತಿರಿ, ಏನೂ ಅನ್ಬ್ಯಾಡ್ರಿ ಎಂದಳು. ರಟ್ಟು ಎದ್ದಿತು. ಮಣಿ ಬಿತ್ತು. ಲ್ಯಾಪ್‌ಟಾಪನ್ನು ಗೋಡೆಗೆ ತಿರುಗಿಸಿ ಈಗ ಕೂಗ್ರಿ ಎಂದಳು. ದುರುಗಕ್ಕ ಕೂಗಿದಳು. ಹೊರಗೆ ಸೂಜಿಗೆ ನಿಂತವರು ಇಣುಕಿ ನೋಡುವಷ್ಟು ಜೋರಾಗಿ ಕೂಗಿದಳು. ಹುಡುಗಿ ಮಣಿ ಹಿಡಿದ ಕೈಯನ್ನು ಡಬ್ಬಿಯ ಮೇಲೆ ಸಿದ್ಧವಾಗಿಟ್ಟುಕೊಂಡು, ತೆರೆ ಎತ್ತ ಹೋಯಿತೆಂದು ಕಣ್ಣಲ್ಲೇ ಹುಡುಕಿದಳು. ಎಷ್ಟು ಶ್ರದ್ಧೆಯ ಮಗು ಎಂದು ಸರ್ ಹೊಗಳುತ್ತಿದ್ದರು. ನಿಜವೇ. ಒಂದು ವರ್ಷ ಈ ಮಗು ಆ ಬೆಂಕಿಪೊಟ್ಟಣದಷ್ಟು ಬೆಳಕಿನಲ್ಲಿ ಒಂದು ಹಳದಿ ಚುಕ್ಕೆ ಏಳುವುದನ್ನು ರೆಪ್ಪೆ ಮಿಟುಕಿಸದೆ ಕಾದಿತ್ತು. ದೊಡ್ಡವರು ತನ್ನಿಂದ ಬಯಸುವುದು ಇದನ್ನೇ ಎಂದು ತಿಳಿದುಕೊಂಡಿತ್ತು. ಮೋಸ ಮಾಡಿರಲಿಲ್ಲ. ಕೇಳುವುದು ಅಂದರೆ ಇದೇ ಎಂದುಕೊಂಡಿತ್ತು. ಆ ಚೌಕವನ್ನು ತೆರೆಯಿಂದ ಅಡಗಿಸಲು ಒಂದು ಗುಂಡಿ ಇತ್ತು. ಅದನ್ನು ಒತ್ತಬೇಕೆಂದು ಯಾರೂ ಹೇಳಿರಲಿಲ್ಲ, ಪ್ರಮೀಳಾಗೂ ಹೊಳೆದಿರಲಿಲ್ಲ. ತನ್ನ ಮುಖ ನೋಡಿಕೊಂಡು ನಾಚುವುದರಲ್ಲೇ ಅವಳು ಮುಳುಗಿದ್ದಳು. ಬೇರೆಯವರೂ ಅಲ್ಲಿ ನೋಡಬಲ್ಲರೆಂದು ಯೋಚಿಸಿರಲಿಲ್ಲ.

ದುರುಗಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಫೋನು ಹಿಡಿದು ಕೋಣೆಗೆ ಬಂದಳು. ಸರ್ ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ದಿನಕ್ಕೆ ಎಷ್ಟೋ ತಾಲ್ಲೂಕಿನ ಮಕ್ಕಳನ್ನು ನೋಡಿ ಕಣ್ಣು ಕೆಂಪಾದವರು, ಇವಳ ಅಪ್ಪ ತೀರಿಕೊಂಡಾಗ ಎರಡು ಸಲ ಫೋನು ಮಾಡಿ ಮಾತಾಡಿಸಿದವರು.

“ನೀವು ಆ ರೂಮಲ್ಲೇ ಇದ್ರಿ ಪ್ರಮೀಳಾ. ನನಗೆ ಕಾಣ್ತಾ ಇದ್ದದ್ದು ಮಗು ಮುಖ ಮಾತ್ರ.”

ಹೌದು ಸರ್ ಅಂದಳು. ನೀವು ಹೇಳಿದ ಕಡೆಯೇ ಲ್ಯಾಪ್‌ಟಾಪ್ ಇಟ್ಟಿದ್ದೆ ಎಂಬ ಮಾತು ನಾಲಗೆಯ ಹಿಂದೆ ಬಂದು ನಿಂತಿತ್ತು. ಅದು ಹೊರಗೆ ಬರದೆ ಹೋದದ್ದು ಒಳ್ಳೆಯತನದಿಂದಲ್ಲ, ಹೆದರಿಕೆಯಿಂದ ಎಂದು ಅವಳಿಗೆ ಗೊತ್ತಿತ್ತು. ಸರ್ ನಿಧಾನವಾಗಿ ಮುಂದುವರಿಸಿದರು. ಇವತ್ತೇ ಮನೆಯವರಿಗೆ ಏನೂ ಹೇಳಬೇಡಿ. ಮುಂದಿನ ಶಿಬಿರದಲ್ಲಿ ಮತ್ತೆ ಪರೀಕ್ಷೆ ಮಾಡೋಣ, ಆಮೇಲೆ ನೋಡೋಣ. ಮಗುವಿನ ವಯಸ್ಸು ಎಷ್ಟಾಯಿತು ಎಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ನನ್ನು ಸಣ್ಣ ವಯಸ್ಸಿನಲ್ಲೇ ಮಾಡಬೇಕು, ಮಾಡಿದರೆ ಸರ್ಕಾರದ ಲೆಕ್ಕದಲ್ಲೇ ಆಗುತ್ತದೆ. ವಯಸ್ಸು ದಾಟಿದರೆ ಸರ್ಕಾರವೂ ಮಾಡುವುದಿಲ್ಲ, ಮಾಡಿದರೂ ಮಾತು ಬರುವುದು ಕಷ್ಟ. ಸೊಕ್ಕೆಯಲ್ಲಿ ಸಾಮಾನಿನ ಆಟೋ ಓಡಿಸುವ ಗಾದ್ರಪ್ಪ, ಚೈತ್ರಶ್ರೀಯ ಅಪ್ಪ, ತಲೆ ಕೊರೆಯುತ್ತಾರಂತೆ ಎಂದು ಮೊದಲು ಹೆದರಿ, ಅತ್ತು, ಕೊನೆಗೆ ಆಯ್ತು ಎಂದು ಒಪ್ಪಿಕೊಂಡಿದ್ದ. ಅಷ್ಟರಲ್ಲಿ ಮಣಿಗಳು ಡಬ್ಬಿಗೆ ಬೀಳತೊಡಗಿದ್ದವು. ಮಿಷನ್ನಿನಲ್ಲೇ ಕೇಳುತ್ತಿದೆ, ಆಪರೇಷನ್ ಬೇಡವಂತೆ ಎಂದು ಫೋನು ಮಾಡಿ ಹೇಳಿದ್ದು ಇವಳೇ. ಮಾರನೆಯ ದಿನ ಗಾದ್ರಪ್ಪ ಬಿಸಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದು, ನಮ್ಮ ಪಾಲಿನ ದೇವರು ನೀವು ಎಂದು ಬಾಗಿಲಲ್ಲೇ ಬಗ್ಗಿ ನಿಂತಿದ್ದ. ಬಿಡಪ್ಪಾ, ಹಂಗೆಲ್ಲ ಅನ್ಬಾರ್ದು ಎಂದಿದ್ದಳು. ಅನ್ನುತ್ತಲೇ ಒಳಗೆ ಹಿತವಾಗಿತ್ತು. ಪೊಟ್ಟಣ ಬಿಚ್ಚಿ ಒಬ್ಬಳೇ ತಿಂದಿದ್ದಳು.

ಊಟಕ್ಕೆ ಮುಂಚೆ ತರಗತಿ ಇತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಇವಳ ಹಾಗೆಯೇ ಕೋಣೆ ಹಿಡಿದು ಕೂತವರೆಲ್ಲ ತೆರೆಯ ಮೇಲೆ ಒಬ್ಬೊಬ್ಬರಾಗಿ ಮೂಡಿದರು. ಇವತ್ತು ತೋರಿಸುವುದು ಚೈತ್ರಶ್ರೀಯ ವಿಡಿಯೋ ಎಂದು ವಾರದ ಹಿಂದೆಯೇ ಗೊತ್ತಾಗಿತ್ತು. ಸರ್ ಅದನ್ನು ಬಿಡುತ್ತಾರೆ ಎಂದುಕೊಂಡಿದ್ದಳು. ಬಿಡಲಿಲ್ಲ. ಬೇರೆಯದನ್ನು ಸಿದ್ಧ ಮಾಡಿಕೊಂಡಿರಲಿಲ್ಲವೋ, ಇಷ್ಟು ಜನರೆದುರು ಕಾರಣ ಹೇಳಲು ಆಗಲಿಲ್ಲವೋ. ವಿಡಿಯೋ ಓಡಿತು. ಮಣಿ ಬಿತ್ತು, ನಗು ಬಂತು. ಈಗ ಪ್ರಮೀಳಾಗೆ ಕಂಡದ್ದು ಹುಡುಗಿಯ ಕಣ್ಣು ಮಾತ್ರ. ಪ್ರತಿ ಸಲವೂ ಮಣಿಗಿಂತ ಮೊದಲು ಆ ಕಣ್ಣು ಕೆಳಕ್ಕೆ, ಎಡಕ್ಕೆ. ಇಷ್ಟು ನಿಚ್ಚಳವಾದದ್ದು ಯಾರಿಗೂ ಕಾಣುತ್ತಿಲ್ಲವೇ ಎಂದು ಸಾಲಾಗಿದ್ದ ಮುಖಗಳನ್ನು ನೋಡಿದಳು. ಎಲ್ಲರೂ ಮೆಚ್ಚಿಕೊಂಡು ನೋಡುತ್ತಿದ್ದರು. ಅವಳೂ ಹೀಗೆಯೇ ನೋಡುತ್ತಿದ್ದಳಲ್ಲ. ನ್ಯಾಮತಿಯ ಮಹಾಂತೇಶ್, ಸೂರಗೊಂಡನಕೊಪ್ಪದ ಕಡೆಯ ಒಂದು ಮಗುವಿನ ಜತೆ ತಿಂಗಳುಗಟ್ಟಲೆ ಹೆಣಗುತ್ತಿದ್ದವನು, ಮೇಡಂ, ಇಷ್ಟು ಬೇಗ ಹೆಂಗೆ ಬಂತು, ನಾವು ಏನು ಮಾಡಬೇಕು ಹೇಳ್ರಿ ಎಂದು ಕೇಳಿದ. ಕೇಳುವಾಗ ಅವನ ದನಿಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಆಸೆಯಿತ್ತು. ಸರ್ ಸುಮ್ಮನಿದ್ದರು. ಅದು ಇವಳಿಗೆ ಬಿಟ್ಟ ಜಾಗ. ಹೇಳಿದರೆ ಹೇಳಬಹುದಿತ್ತು.

ಪ್ರಮೀಳಾ ಮೈಕು ತೆರೆದಳು. ಮೂಲೆಯ ಚೌಕದಲ್ಲಿ ಎಣ್ಣೆ ತಲೆಯ ಹೆಂಗಸೊಬ್ಬಳು ಬಾಯಿ ತೆರೆದಳು.

“ತಾಯಿ ಬಾಳ ಕಷ್ಟಪಟ್ಟಾರೆ ರೀ.”

ಅಷ್ಟೇ ಹೇಳಿ ಮೈಕು ಮುಚ್ಚಿದಳು. ಯಾರೋ ಚಪ್ಪಾಳೆಯ ಚಿತ್ರ ಕಳಿಸಿದರು, ನೋಡಿ ಎಲ್ಲರೂ ಕಳಿಸಿದರು. ಮಹಾಂತೇಶ್ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದ. ನಾಳೆಯಿಂದ ನ್ಯಾಮತಿಯಲ್ಲೂ ಒಬ್ಬ ತಾಯಿಯ ಗಂಟಲು ಕಟ್ಟುತ್ತದೆ ಎಂದುಕೊಂಡಳು. ಸುಳ್ಳು ಹೇಳಿರಲಿಲ್ಲ, ಅದೇ ಹೇಸಿಗೆಯಾಗುತ್ತಿತ್ತು. ಅಪ್ಪ ಬದುಕಿದ್ದಾಗ ಅನ್ನುತ್ತಿದ್ದ, ತಪ್ಪು ಮಾಡಿದವನು ಸುಳ್ಳು ಹೇಳುವುದಿಲ್ಲ, ನಿಜದಲ್ಲಿ ತನಗೆ ಬೇಕಾದಷ್ಟನ್ನು ಕತ್ತರಿಸಿಕೊಳ್ಳುತ್ತಾನೆ ಎಂದು. ನಗುತ್ತ ಅನ್ನುತ್ತಿದ್ದ. ಯಾರದೋ ಜಮೀನಿನ ಪಂಚಾಯಿತಿ ಮುಗಿಸಿ ಬಂದು, ಕಾಲು ತೊಳೆಯುತ್ತ.

ಹೊರಗೆ ಬಂದಾಗ ದುರುಗಕ್ಕ ಅದೇ ಬೆಂಚಿನಲ್ಲಿದ್ದಳು. ಬಸ್ಸು ಹೋಗಿತ್ತು, ಇನ್ನೊಂದಕ್ಕೆ ಕಾಯುತ್ತಿದ್ದಳು. ಮಗಳಿಗೆ ಚಿತ್ರಾನ್ನ ತಿನ್ನಿಸಿ ಡಬ್ಬಿ ತೊಳೆದಿಟ್ಟಿದ್ದಳು. ಪಕ್ಕದಲ್ಲಿ ಕೂತು, ಎದುರಿನ ಗೋಡೆ ನೋಡುತ್ತ ಪ್ರಮೀಳಾ ಹೇಳತೊಡಗಿದಳು. ಮಿಷನ್ನಿನಿಂದ ಮಗುವಿಗೆ ಏನೂ ಕೇಳುತ್ತಿಲ್ಲ. ಮೊದಲಿನಿಂದಲೂ ಕೇಳಿಲ್ಲ. ರಟ್ಟು ಏಳುವುದನ್ನು ತೆರೆಯಲ್ಲಿ ನೋಡಿ ಮಣಿ ಹಾಕುತ್ತಿದ್ದಳು. ನಾನು ನೋಡಲಿಲ್ಲ ದುರುಗಕ್ಕಾ, ನೋಡಬೇಕಿತ್ತು. ಸರ್ ಇವತ್ತು ಹೇಳಬೇಡಿ ಎಂದಿದ್ದರು. ಅದನ್ನೂ ಹೇಳಿದಳು. ದುರುಗಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದಳು.

“ಅಂದ್ರೆ ನಾನು ಕರೆದದ್ದು ಕಮ್ಮಿ ಆಗಿದ್ದಲ್ಲ, ಅಲ್ರೀ?”

“ಅಲ್ಲ. ನಿಮ್ದು ಏನೂ ತಪ್ಪಿಲ್ಲ.”

ದುರುಗಕ್ಕನ ಮುಖ ಬಿಚ್ಚಿಕೊಂಡಿತು. ಬಿಗಿಯಾಗಿ ಕಟ್ಟಿದ್ದ ಗಂಟನ್ನು ಸಡಿಲಿಸಿದ ಹಾಗೆ ಹಣೆ, ಕೆನ್ನೆ, ಭುಜ ಎಲ್ಲ ಕೆಳಗಿಳಿದವು. ಅದನ್ನು ನೋಡುವುದು ಪ್ರಮೀಳಾಗೆ ಬೈಗುಳಕ್ಕಿಂತ ಕಷ್ಟವಾಯಿತು. ನಮ್ಮತ್ತೆಗೂ ಇದೊಂದು ಮಾತು ನೀವೇ ಫೋನಿನಲ್ಲಿ ಹೇಳಿಬಿಡಿ ಎಂದಳು ದುರುಗಕ್ಕ. ತಾಯಿಗೆ ಶ್ರದ್ಧೆ ಇಲ್ಲ, ಅದಕ್ಕೇ ಕೂಸು ಮನೆಯಲ್ಲಿ ತಿರುಗುವುದಿಲ್ಲ ಎಂದು ಅವಳು ವರ್ಷದಿಂದ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ ಎಂದಳು. ಹೇಳುತ್ತಲೇ ಹುರುಪು ಬಂತು.

“ಹಂಗಾದ್ರೆ ಆ ಆಪರೇಷನ್ನೇ ಮಾಡ್ಸಾಣ ಬಿಡ್ರಿ. ಅವರಪ್ಪನೂ ಒಪ್ಕಂಡಿದ್ದ ಆವಾಗ.”

ಉಳಿದದ್ದನ್ನು ಹೇಳದೆ ಪ್ರಮೀಳಾ ಎದ್ದು ಹೋಗಬಹುದಿತ್ತು. ಶಿಬಿರ ಬರಲಿ, ದೊಡ್ಡವರು ಹೇಳಲಿ ಎನ್ನಬಹುದಿತ್ತು. ಬೆಳಿಗ್ಗೆಯಿಂದ ಅವಳಿಗೆ ಅದೊಂದೇ ಆಸೆಯಾಗಿತ್ತು. ವಯಸ್ಸು ದಾಟಿದೆ ಎಂದು ಹೇಳಿದಳು. ಹಣ ಹೊಂದಿಸಿ ಮಾಡಿಸಿದರೂ ಈಗ ಮಾತು ಬರುವುದು ಕಷ್ಟ, ಬರುತ್ತದೆ ಎಂದು ಇನ್ನೊಂದು ಸಲ ಹೇಳಲಾರೆ ಎಂದಳು. ದುರುಗಕ್ಕ ಯಾವಾಗ ದಾಟಿತು ಎಂದು ಕೇಳಿದಳು. ಯುಗಾದಿ ಹೊತ್ತಿಗೆ ಎಂದಳು ಪ್ರಮೀಳಾ.

“ಯುಗಾದಿಗೆ ಹೊಸ ಲಂಗ ಹಾಕಿದ್ವಿ,” ಎಂದಳು ದುರುಗಕ್ಕ, ಅದಕ್ಕೂ ಇದಕ್ಕೂ ಏನೋ ಸಂಬಂಧವಿದ್ದಂತೆ, ಆ ಸಂಬಂಧವನ್ನು ಹುಡುಕುತ್ತಿರುವಂತೆ. ಬೈಯಲಿಲ್ಲ. ಬೈದಿದ್ದರೆ ಪ್ರಮೀಳಾಗೆ ತಲೆ ತಗ್ಗಿಸಲು ಒಂದು ಜಾಗ ಸಿಗುತ್ತಿತ್ತು. ಔಷಧಿ ಕಿಟಕಿಯ ಮುಂದಿನ ಸಾಲು ಒಂದಿಷ್ಟು ಸರಿಯಿತು. ಯಾರದೋ ಎಳೆಗೂಸು ಅತ್ತಿತು. ದುರುಗಕ್ಕ ಆ ಅಳು ಬಂದ ಕಡೆ ನೋಡಿ, ಆಮೇಲೆ ತನ್ನ ಮಗಳನ್ನು ನೋಡಿದಳು. ಮಗಳು ನೆಲದಲ್ಲಿ ಕೂತು ಬೆಂಚಿನ ಕಾಲಿಗೆ ಹತ್ತಿದ ಇರುವೆ ಸಾಲನ್ನು ನೋಡುತ್ತಿದ್ದಳು.

“ಹಂಗಾದ್ರೆ ಇನ್ ಮ್ಯಾಲೆ ಕೈಸನ್ನಿ ಮಾಡ್ಬೌದೇನ್ರಿ?” ಎಂದು ಮೆಲ್ಲಗೆ ಕೇಳಿದಳು. “ನೀವು ಬ್ಯಾಡ ಅಂದಿದ್ರಿ.”

ಅಂದಿದ್ದಳು. ಕೈಸನ್ನೆ ಮಾಡಿದರೆ ಮಗು ಅದಕ್ಕೇ ಒಗ್ಗಿಹೋಗುತ್ತದೆ, ಮಾತು ಬರುವುದಿಲ್ಲ, ಕಟ್ಟುನಿಟ್ಟಾಗಿ ನಿಲ್ಲಿಸಿ ಎಂದಿದ್ದಳು. ಅದಕ್ಕೆ ಮುಂಚೆ ತಾಯಿ ಮಗಳ ನಡುವೆ ಊಟಕ್ಕೆ, ನೀರಿಗೆ, ಅಪ್ಪನಿಗೆ, ಹಸುವಿಗೆ, ಅಜ್ಜಿ ಸಿಟ್ಟಾಗಿದ್ದಾಳೆ ಎನ್ನುವುದಕ್ಕೂ ಒಂದೊಂದು ಸನ್ನೆ ಇತ್ತು. ಎಲ್ಲ ಅವರಿಬ್ಬರೇ ಕಟ್ಟಿಕೊಂಡದ್ದು. ಮೊದಮೊದಲು ಇದೇ ಕೋಣೆಯಲ್ಲಿ ಕೂತು ಹುಡುಗಿ ಪಟಪಟ ಬೆರಳು ಆಡಿಸುತ್ತಿದ್ದಳು. ತಾಯಿ ಆ ಕೈಗಳನ್ನು ಹಿಡಿದು ಕೆಳಕ್ಕೆ ಒತ್ತಬೇಕಾಗಿತ್ತು. ಪ್ರಮೀಳಾ ಹಾಗೆ ಒತ್ತುವುದನ್ನು ತೋರಿಸಿಕೊಟ್ಟಿದ್ದಳು.

“ಮಾಡ್ರಿ,” ಎಂದಳು. “ಎಷ್ಟು ಬೇಕಾದ್ರೂ ಮಾಡ್ರಿ ದುರುಗಕ್ಕಾ.” ದಾವಣಗೆರೆಯ ಕಡೆ ಸನ್ನೆಯಲ್ಲೇ ಪಾಠ ಹೇಳುವ ಶಾಲೆ ಇರಬಹುದು, ವಿಚಾರಿಸುತ್ತೇನೆ ಎಂದೂ ಸೇರಿಸಿದಳು. ದುರುಗಕ್ಕ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳು ಬೆಂಚಿನಿಂದ ಇಳಿದು ಮಗಳ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ಗಲ್ಲ ಹಿಡಿದು ಮುಖ ಎತ್ತಿದಳು. ಹೊರಗೆ ಯಾವುದೋ ಬಸ್ಸು ಬಂದು ನಿಂತ ಸದ್ದಾಯಿತು. ದುರುಗಕ್ಕ ಎರಡೂ ಕೈ ಎತ್ತಿ, ಮುಷ್ಟಿ ಕಟ್ಟಿ, ಗಾಳಿಯಲ್ಲಿ ಆಟೋದ ಹ್ಯಾಂಡಲ್ ಹಿಡಿದು ತಿರುಗಿಸಿದ ಹಾಗೆ ಮಾಡಿದಳು. ಅಪ್ಪ. ಮನೆಗೆ ಹೋಗಾಣ, ಅಪ್ಪನ ಹತ್ರ.

ಚೈತ್ರಶ್ರೀ ಆ ಕೈಗಳನ್ನು ನೋಡಿದಳು. ಆಮೇಲೆ ಪ್ರಮೀಳಾ ಮೇಡಂ ಕೂತಿದ್ದಾರೆಂದು ಒಂದು ಸಲ ಆ ಕಡೆ ನೋಡಿ, ತಾಯಿಯ ಎರಡೂ ಮಣಿಕಟ್ಟುಗಳನ್ನು ತನ್ನ ಪುಟ್ಟ ಕೈಗಳಲ್ಲಿ ಹಿಡಿದು, ಗಟ್ಟಿಯಾಗಿ, ಅವಳ ಮಡಿಲಿಗೆ ಒತ್ತಿದಳು. ಒತ್ತಿ ಹಾಗೆಯೇ ಹಿಡಿದುಕೊಂಡಳು.